ನಾಲ್ಕಕ್ಕೇ ಬರೆದಿಟ್ಟ ಲಾಕಪ್

ನಮ್ಮ ಸಬ್ ಜೈಲಿನಲ್ಲಿ ದಿನಕ್ಕೆ ಎರಡು ಲಾಕಪ್ ಆಗುತ್ತಿದ್ದವು. ಒಂದು ಪುಸ್ತಕದಲ್ಲಿ, ಇನ್ನೊಂದು ನಿಜವಾಗಿ. ಪುಸ್ತಕದ್ದು ಮಧ್ಯಾಹ್ನ ನಾಲ್ಕಕ್ಕೆ, ನಿಜವಾದದ್ದು ಸಂಜೆ ಆರಕ್ಕೆ. ಆ ಎರಡು ಗಂಟೆಯ ನಡುವೆ ನಾನು ಮಾಡಿದ ಒಂದು ಕೆಲಸವನ್ನು ಬರೆದಿಡೋಣ ಎಂದು ಕೂತಿದ್ದೇನೆ. ಜೈಲು ಮುಚ್ಚಿದೆ, ನಾನು ನಿವೃತ್ತನಾಗಿ ಉಡುತಡಿಗೆ ಬಂದಿದ್ದೇನೆ. ತಪ್ಪು ನನ್ನದಾದ್ದರಿಂದ ಬೇರೆಯವರ ಹೆಸರು ಬೇಡ, ಜೈಲಿದ್ದ ಊರಿನ ಹೆಸರೂ ಬೇಡ. ಶಿಕಾರಿಪುರ, ಸೊರಬ ಎರಡೂ ಕಡೆಯ ಕೈದಿಗಳು ಅಲ್ಲಿಗೆ ಬರುತ್ತಿದ್ದರು ಎಂದರೆ ಸಾಕು.

ಹಳೆಯ ಕಚೇರಿಯ ಹಿಂದೆ ಹೆಂಚು ಹೊದಿಸಿದ ಕಟ್ಟಡ ಅದು. ಗಂಡಸರಿಗೆ ನಾಲ್ಕು ಕೋಣೆ, ನಡುವೆ ಅಂಗಳ, ಹಿಂದುಗಡೆ ಬಾವಿ, ಬಾವಿಯ ಪಕ್ಕ ನಾಲ್ಕು ತರಕಾರಿ ಪಾತಿ. ಐದನೆಯ ಕೋಣೆ ಹೆಂಗಸರದ್ದು. ಹೆಂಗಸರು ಬರುವುದು ಅಪರೂಪ, ಹಾಗಾಗಿ ಅಲ್ಲಿ ಹಳೆಯ ಕಡತಗಳು ಸೆರೆವಾಸ ಅನುಭವಿಸುತ್ತಿದ್ದವು. ನಮ್ಮಲ್ಲಿಗೆ ಬರುವವರೆಲ್ಲ ಇನ್ನೂ ವಿಚಾರಣೆ ಮುಗಿಯದ ಕೈದಿಗಳು. ಜಾಮೀನು ಸಿಗುವವರೆಗೆ ಇರುವವರು. ಹತ್ತೋ ಹನ್ನೆರಡೋ ಮಂದಿ. ನಾನು ಹೆಡ್ ವಾರ್ಡರ್, ಕೈಕೆಳಗೆ ಇಬ್ಬರು ವಾರ್ಡರುಗಳು. ಮೇಲೊಬ್ಬ ಅಧಿಕಾರಿ, ಅವರಿಗೆ ಹತ್ತು ಕೆಲಸಗಳಿದ್ದವು, ಜೈಲು ಹನ್ನೊಂದನೆಯದು.

ಲಾಕಪ್ ಎಂದರೆ ಸಂಜೆ ಕೈದಿಗಳನ್ನು ಎಣಿಸಿ ಕೋಣೆಗೆ ಸೇರಿಸಿ ಬೀಗ ಹಾಕುವುದು. ಮೊದಲು ಅಂಗಳದಲ್ಲಿ ಇಬ್ಬಿಬ್ಬರಂತೆ ಸಾಲಾಗಿ ಕೂರಿಸಿ ಎಣಿಸಬೇಕು. ಕೋಣೆಗೆ ಬಿಟ್ಟ ಮೇಲೆ ಮತ್ತೊಮ್ಮೆ ಎಣಿಸಬೇಕು. ಬೀಗ ಹಾಕಿ ಜಗ್ಗಿ ನೋಡಬೇಕು. ಕಿಟಕಿಯ ಸರಳುಗಳನ್ನು ಲಾಠಿಯಿಂದ ಒಂದೊಂದಾಗಿ ಬಡಿದು ಸದ್ದು ಕೇಳಬೇಕು. ಗರಗಸ ಆಡಿಸಿದ ಸರಳಿದ್ದರೆ ಸದ್ದು ಬದಲಾಗುತ್ತದೆ. ಕೊನೆಗೆ ಲಾಕಪ್ ಪುಸ್ತಕದಲ್ಲಿ ‘ಬಂದಿಗಳು ಇಷ್ಟು, ಎಲ್ಲ ಸರಿಯಿದೆ’ ಎಂದು ಬರೆದು ಅಧಿಕಾರಿಯ ಸಹಿ ಪಡೆಯಬೇಕು. ತೊಡಕು ಇದ್ದದ್ದು ಇಲ್ಲಿ. ಅಧಿಕಾರಿ ಐದಕ್ಕೆಲ್ಲ ಜೀಪು ಹತ್ತುವವರು. ಆರಕ್ಕೆ ಬರೆದ ಪುಸ್ತಕಕ್ಕೆ ಸಹಿ ಹಾಕಲು ಅಲ್ಲಿ ಯಾರು ಕೂತಿರುತ್ತಾರೆ? ಹಾಗಾಗಿ ನಾಲ್ಕು ಗಂಟೆಗೇ ಲಾಕಪ್ ಆಯಿತೆಂದು ಬರೆದು, ದಿನದ ಉಳಿದ ಕಾಗದಗಳ ಜೊತೆ ಕಳಿಸಿ, ಸಹಿ ಹಾಕಿಸಿ ತರಿಸಿಕೊಳ್ಳುವುದು ರೂಢಿ. ನನಗೆ ಇದನ್ನು ಕಲಿಸಿದವರು ನನಗಿಂತ ಮೊದಲಿದ್ದ ಹೆಡ್ ವಾರ್ಡರ್. ಅವರಿಗೆ ಯಾರು ಕಲಿಸಿದರೋ ಗೊತ್ತಿಲ್ಲ.

ಈ ರೂಢಿಗೆ ಒಂದು ಬಾಲ ಇತ್ತು. ಲಾಕಪ್ ಆದ ಮೇಲೆ ಬಿಡುಗಡೆ ಇಲ್ಲ ಎಂಬುದು ನಿಯಮ; ಗೇಟಿನ ಪಕ್ಕದ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿಯೂ ಇತ್ತು. ನಾವು ಪುಸ್ತಕದಲ್ಲಿ ನಾಲ್ಕಕ್ಕೆ ಬೀಗ ಹಾಕುತ್ತಿದ್ದುದರಿಂದ ನಿಯಮವೂ ನಾಲ್ಕಕ್ಕೇ ಜಾರಿಗೆ ಬಂದುಬಿಡುತ್ತಿತ್ತು. ನಾಲ್ಕು ದಾಟಿ ಜಾಮೀನು ಆದೇಶ ತಂದವರಿಗೆ ‘ನಾಳೆ ಬೆಳಗ್ಗೆ ಬನ್ನಿ’ ಎನ್ನುತ್ತಿದ್ದೆವು. ಹತ್ತಿರದ ವಕೀಲರಿಗೆಲ್ಲ ಇದು ತಿಳಿದಿತ್ತು, ಮೂರೂವರೆಗೇ ಓಡಿ ಬರುತ್ತಿದ್ದರು. ದೂರದವರು ಸಿಕ್ಕಿಬೀಳುತ್ತಿದ್ದರು. ಒಂದು ರಾತ್ರಿ ತಾನೆ, ಏನು ಮಹಾ ಎಂದು ನಾನು ಅಂದುಕೊಂಡಿದ್ದೆ.

ನನಗೆ ಪುಸ್ತಕದ ಬಗ್ಗೆ ವಿಪರೀತ ಹೆಮ್ಮೆಯಿತ್ತು, ಅದನ್ನೂ ಹೇಳಿಬಿಡುತ್ತೇನೆ. ನನ್ನ ಅಕ್ಷರ ದುಂಡಗಿದೆ. ನನ್ನ ಕಾಲದ ಲಾಕಪ್ ಪುಸ್ತಕಗಳಲ್ಲಿ ಒಂದು ಕಡೆಯೂ ಹೊಡೆದು ತಿದ್ದಿದ ಗುರುತಿರಲಿಲ್ಲ. ತಪಾಸಣೆಗೆ ಬಂದವರೊಬ್ಬರು ಪುಟ ತಿರುವಿ, ‘ಮದುವೆ ಕರೆಯೋಲೆ ಬರೆದ ಹಾಗೆ ಬರೆದಿದ್ದೀರಲ್ರೀ’ ಎಂದಿದ್ದರು. ಆ ಮಾತನ್ನು ನಾನು ಎಷ್ಟು ಜನರಿಗೆ ಹೇಳಿಕೊಂಡು ತಿರುಗಿದ್ದೇನೋ ಲೆಕ್ಕವಿಲ್ಲ.

ಆ ವರ್ಷ ಮುಂಗಾರಿಗೆ ಸ್ವಲ್ಪ ಮುಂಚೆ ಕುಬಟೂರಿನ ಆಚೆಯ ಹಳ್ಳಿಯ ರೈತರೊಬ್ಬರು ನಮ್ಮಲ್ಲಿಗೆ ಬಂದರು. ಅರವತ್ತರ ಹತ್ತಿರದ ವಯಸ್ಸು. ಹೊಲಕ್ಕೆ ಹೋಗುವ ದಾರಿಯ ವಿಷಯಕ್ಕೆ ದಾಯಾದಿಯ ಜೊತೆ ಜಗಳವಾಗಿ, ಗುದ್ದಲಿ ಕಾವಿನಿಂದ ಹೊಡೆದು ಅವನ ಕೈ ಮುರಿದಿದ್ದರು. ನಕಾಶೆಯಲ್ಲಿ ದಾರಿ ಇದೆ, ಪಹಣಿಯಲ್ಲಿ ಇಲ್ಲ. ‘ಬರೆದದ್ದೇ ಖರೆ ಅಂತಾರಲ್ರೀ ಎಲ್ರೂ’ ಎಂದು ಒಳಗೆ ಬಂದ ದಿನವೇ ನನಗೆ ಹೇಳಿದರು.

ಒಳಗೆ ಬರುವವರ ಮೈಮೇಲಿನ ವಸ್ತುಗಳನ್ನೆಲ್ಲ ಬಿಚ್ಚಿಸಿ ದಾಖಲೆ ಮಾಡಿ ತೆಗೆದಿಡಬೇಕು. ದಾರ, ಉಡಿದಾರ, ಬೆಲ್ಟು ಯಾವುದನ್ನೂ ಬಿಡುವಂತಿಲ್ಲ. ಕುತ್ತಿಗೆಗೆ ಹಾಕಿಕೊಂಡರೆ ಎಂಬ ಭಯ. ಲಿಂಗ ಕಟ್ಟಿದವರು ಬಂದಾಗ ನಮ್ಮಲ್ಲಿ ಒಂದು ಪದ್ಧತಿಯಿತ್ತು. ಲಿಂಗವಿಡುವ ಬೆಳ್ಳಿಯ ಕರಡಿಗೆ, ಅದನ್ನು ಕೊರಳಿಗೆ ಕಟ್ಟುವ ಶಿವದಾರ ಎರಡನ್ನೂ ತೆಗೆದಿಟ್ಟು, ಲಿಂಗವನ್ನು ಮಾತ್ರ ಅಂಗೈ ಅಗಲದ ಬಟ್ಟೆಯಲ್ಲಿ ಸುತ್ತಿ ಅವರ ಕೈಗೇ ಕೊಡುತ್ತಿದ್ದೆವು. ಕೆಲವರು ಇದಕ್ಕೆ ಕೂಗಾಡುತ್ತಿದ್ದರು. ಇವರು ಸುಮ್ಮನೆ ಬಿಚ್ಚಿ ಕೊಟ್ಟರು. ದಿನಾ ಬೆಳಗ್ಗೆ ಬಾವಿಯ ಹತ್ತಿರ ಪೂಜೆ ಮುಗಿಸಿ, ಬಟ್ಟೆಯ ಗಂಟನ್ನು ಅಂಗಿಯ ಜೇಬಿಗೆ ಹಾಕಿ ಮೇಲೆ ಅಂಗೈ ಇಟ್ಟುಕೊಂಡೇ ಓಡಾಡುತ್ತಿದ್ದರು. ಕೇಳದಿದ್ದರೂ ಪಾತಿಗಳಿಗೆ ನೀರು ಹಾಯಿಸುವ ಕೆಲಸ ಹಿಡಿದುಕೊಂಡರು. ಒಣಗಿಹೋಗಿದ್ದ ಬದನೆ ಗಿಡಗಳು ಹೂ ಬಿಟ್ಟವು.

ಅವರ ಹೆಂಡತಿಗೆ ಕಾಯಿಲೆ. ದೊಡ್ಡಾಸ್ಪತ್ರೆಯವರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದ್ದರು. ನೋಡಿಕೊಳ್ಳುತ್ತಿದ್ದವಳು ಒಬ್ಬಳೇ ಮಗಳು. ಅವಳನ್ನು ಗುಡವಿಗೆ ಕೊಟ್ಟಿತ್ತು. ಗಂಡನ ಮನೆ ಬಿಟ್ಟು ತವರಿಗೆ ಬಂದು ಕೂತಿದ್ದಳು. ಮೊದಲ ಸಲ ಜಾಮೀನು ಸಿಗಲಿಲ್ಲ. ಹದಿನೈದು ದಿನದ ಮೇಲೆ ಮತ್ತೆ ಅರ್ಜಿ ಹಾಕಿದರು. ಆ ಹದಿನೈದು ದಿನ ಅವರು ದಿನಕ್ಕೊಂದು ಸಲ ನನ್ನ ಮೇಜಿನ ಹತ್ತಿರ ಬಂದು ನಿಲ್ಲುತ್ತಿದ್ದರು. ‘ಆಕಿ ಇರೋದ್ರೊಳಗೆ ಒಂದ್ಸಲ ಹೋಗಿ ಮುಖ ತೋರಿಸ್ಬೇಕು ಸಾರ್. ಅಷ್ಟೇ. ಆಮೇಲೆ ವಾಪಸ್ ಹಾಕಿದ್ರೂ ಹಾಕ್ರಿ’ ಎನ್ನುತ್ತಿದ್ದರು.

ಆದೇಶ ಬಂದದ್ದು ಒಂದು ಬುಧವಾರ. ನಾನು ಪುಸ್ತಕ ಬರೆದು, ‘ಬಂದಿಗಳು ಹನ್ನೊಂದು, ಎಲ್ಲ ಸರಿಯಿದೆ’ ಎಂದು ಮುಗಿಸಿ ಕಳಿಸಿದ್ದೆ, ಅದು ಸಹಿಯಾಗಿ ವಾಪಸ್ ಬಂದಿತ್ತು. ಅಧಿಕಾರಿ ಅಂದು ಬೇಗ ಹೊರಟಿದ್ದರು. ಗೇಟಿನಲ್ಲಿ ವಕೀಲರ ಗುಮಾಸ್ತ, ಅವನ ಹಿಂದೆ ಆ ಮಗಳು. ಸೊರಬದಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು. ಗೋಡೆಯ ಗಡಿಯಾರದಲ್ಲಿ ನಾಲ್ಕು ಇಪ್ಪತ್ತೈದು.

“ಲಾಕಪ್ ಆಗಿದೆ. ನಾಳೆ ಬೆಳಗ್ಗೆ” ಎಂದೆ.

ಅವಳು ಗೇಟಿನ ಸರಳಿನ ಸಂದಿಯಿಂದ ಒಳಗೆ ನೋಡಿದಳು. ಅಂಗಳದಲ್ಲಿ ಇಬ್ಬರು ಕೈದಿಗಳು ಬಟ್ಟೆ ಹಿಂಡುತ್ತಿದ್ದರು, ಮೂವರು ಹುಲಿಮನೆ ಆಡುತ್ತಿದ್ದರು. ಅವಳ ಅಪ್ಪ ಹಿಂದೆ ಬಾವಿಯ ಹತ್ತಿರ ಇದ್ದರು, ಅಲ್ಲಿಗೆ ಗೇಟು ಕಾಣುವುದಿಲ್ಲ.

“ಸಾರ್, ಎಲ್ರೂ ಹೊರಗೇ ಅದಾರಲ್ರೀ. ಬಾಗ್ಲೆಲ್ಲ ತೆಗ್ದೇ ಐತೆ.”

“ಅದೆಲ್ಲ ನಿಮಗೆ ಗೊತ್ತಾಗಲ್ಲಮ್ಮ. ಪುಸ್ತಕ ಮುಗಿದಿದೆ.”

“ಅವ್ವಂಗೆ ನಿನ್ನೆಯಿಂದ ಗಂಜಿನೂ ಇಳೀತಿಲ್ಲ ಸಾರ್. ಅಪ್ಪ ಬಂದ್ನಾ, ಅಪ್ಪ ಬಂದ್ನಾ ಅಂತ ಅದೊಂದೇ ಕೇಳ್ತಾಳೆ. ಐದೂವರೆ ಬಸ್ಸು ಸಿಕ್ರೆ ಎಂಟಕ್ಕೆ ಮನೇಲಿರ್ತೀವಿ. ನಿಮ್ಮ ಕಾಲಿಗೆ ಬೀಳ್ತೀನಿ.”

“ತಡ ಮಾಡ್ಕೊಂಡು ಬಂದು ಈಗ ಅವಸರ ಮಾಡಿದ್ರೆ ಹೇಗೆ?”

ಆ ಮಾತು ನನ್ನ ಬಾಯಿಗೆ ಎಲ್ಲಿಂದ ಬಂತೋ. ಅವಳು ಒಂದು ನಿಮಿಷವೂ ತಡ ಮಾಡಿರಲಿಲ್ಲ.

ಗುಮಾಸ್ತ ಮೆಲ್ಲಗೆ, “ಸಾಹೇಬ್ರಿಗೆ ಒಂದು ಫೋನ್ ಮಾಡಿ ನೋಡ್ರಿ ಸಾರ್” ಎಂದ. ನಾನು ಮೊಬೈಲು ಕೈಗೆತ್ತಿಕೊಂಡೆ. ಏನೆಂದು ಹೇಳುವುದು? ಪುಸ್ತಕದಲ್ಲಿ ಹನ್ನೊಂದನ್ನು ಹೊಡೆದು ಹತ್ತು ಮಾಡಬೇಕು ಎಂದೇ? ಚಿಕ್ಕ ಜೈಲುಗಳನ್ನೆಲ್ಲ ಮುಚ್ಚುತ್ತಾರೆ, ಅದಕ್ಕೆ ಮುಂಚೆ ಎಲ್ಲ ಪುಸ್ತಕಗಳನ್ನೂ ಪರಿಶೀಲಿಸುತ್ತಾರೆ ಎಂಬ ಪತ್ರ ಹಿಂದಿನ ವಾರವಷ್ಟೇ ಬಂದಿತ್ತು. ಸಹಿಯಾದ ಮೇಲೆ ತಿದ್ದಿದ್ದು ಕಂಡರೆ ಮೊದಲ ಪ್ರಶ್ನೆ ಯಾಕೆ ಎಂದು, ಎರಡನೆಯದು ಎಷ್ಟು ವರ್ಷದಿಂದ ಎಂದು. ನಿವೃತ್ತಿಗೆ ಇನ್ನು ಒಂದೂವರೆ ವರ್ಷ. ಮೊಬೈಲನ್ನು ಮೇಜಿನ ಮೇಲೆ ಇಟ್ಟುಬಿಟ್ಟೆ.

ಬಿಡುಗಡೆಗೆ ಬೇಕಾದದ್ದು ಇಪ್ಪತ್ತು ನಿಮಿಷ. ಆದೇಶದಲ್ಲಿರುವ ಹೆಸರು, ತಂದೆಯ ಹೆಸರು, ಕೇಸಿನ ನಂಬರು, ಮೈಮೇಲಿನ ಮಚ್ಚೆ ತಾಳೆ ನೋಡಬೇಕು, ತೆಗೆದಿಟ್ಟ ವಸ್ತು ವಾಪಸ್ ಕೊಡಬೇಕು, ಹೆಬ್ಬೆಟ್ಟು ಒತ್ತಿಸಬೇಕು. ಬಸ್ಸಿಗೆ ಒಂದು ಗಂಟೆಯಿತ್ತು. ಬಸ್ ಸ್ಟ್ಯಾಂಡ್ ನಡೆದರೆ ಹತ್ತು ನಿಮಿಷದ ದಾರಿ.

ಮಗಳು ಐದು ಗಂಟೆಯವರೆಗೆ ಗೇಟಿನಲ್ಲಿ ನಿಂತಿದ್ದು, ಮನೆಯಲ್ಲಿ ಅವ್ವ ಒಬ್ಬಳೇ ಇದ್ದಾಳೆಂದು ಹೊರಟಳು. ಅವಳು ಹೋದ ಮೇಲೆ ನಾನು ಎರಡನೆಯ ತಪ್ಪು ಮಾಡಿದೆ. ಆದೇಶ ಬಂದ ವೇಳೆಯನ್ನು ಬರೆಯುವ ಪುಸ್ತಕ ಬೇರೆಯೇ ಇದೆ. ನಾಲ್ಕು ಇಪ್ಪತ್ತೈದು ಎಂದಿದ್ದರೆ, ಬೆಳಕಿರುವಾಗಲೇ ಬಂದ ಆದೇಶಕ್ಕೆ ಯಾಕೆ ಬಿಡಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಅದರಲ್ಲಿ ‘ಸಂಜೆ ಆರು ಹತ್ತು’ ಎಂದು ದುಂಡಗೆ ಬರೆದು, ಕಾಗದ ಒಪ್ಪಿಸಲು ಉಳಿದಿದ್ದ ಗುಮಾಸ್ತನ ಮುಂದೆ ಸರಿಸಿದೆ. ಆತ ನನ್ನ ಮುಖ ನೋಡಿದ, ಗಡಿಯಾರ ನೋಡಿದ, ಸಹಿ ಹಾಕಿದ. ನಾಳೆ ಮತ್ತೆ ಇದೇ ಗೇಟಿಗೆ ಬರಬೇಕಾದವನು ಅವನು.

ಆರಕ್ಕೆ ನಿಜವಾದ ಲಾಕಪ್ ಮಾಡಿದೆ. ಎಣಿಸಿ ಬೀಗ ಹಾಕಿ ಜಗ್ಗಿ ನೋಡಿದ ಮೇಲೆ, ಸರಳಿನ ಈಚೆಯಿಂದ ಆ ರೈತರಿಗೆ ಹೇಳಿದೆ.

“ನಿಮ್ಮ ಆರ್ಡರ್ ಈಗ ಬಂತು ನೋಡ್ರಿ. ಬೆಳಗ್ಗೆ ಬೇಗ ಬಿಡ್ತೀನಿ.”

“ಈಗ ಬಂತಾ?” ಎಂದರು. ಮುಖ ಅರಳಿತು, ಕೂಡಲೇ ಬಾಡಿತು. “ಇನ್ನೊಂದು ಸ್ವಲ್ಪ ಮುಂಚೆ ಬಂದಿದ್ರೆ ಆಗ್ತಿತ್ತಲ್ಲ ಸಾರ್?”

“ಆಗ್ತಿತ್ತು.”

“ನಮ್ಮ ಹುಡುಗಿ ಎಲ್ಲಿ ಹೊತ್ತು ಮಾಡಿದ್ಲೋ” ಎಂದು ಗೋಡೆಗೆ ಒರಗಿ ಕೂತರು.

ನಾನು ಮನೆಗೆ ಹೋದೆ. ಉಂಡೆ. ನಿದ್ದೆಯೂ ಬಂತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿದ್ದೆ ಚೆನ್ನಾಗಿಯೇ ಬಂತು.

ಬೆಳಗ್ಗೆ ಆರೂವರೆಗೆ ಬಿಡುಗಡೆ ಮಾಡಿದೆ. ಶಿವದಾರವನ್ನು ಕರಡಿಗೆಗೆ ಪೋಣಿಸಿದ್ದೇ ಬಸ್ಸಿಗೆ ಹೊರಡಲು ಅವಸರಪಟ್ಟರು, ಗಂಟನ್ನು ನಾನೇ ಹಾಕಿಕೊಟ್ಟೆ. ಬಿಡುಗಡೆ ಚೀಟಿಯಲ್ಲಿ ಆದೇಶ ತಲುಪಿದ ವೇಳೆ ಬರೆಯುವ ಜಾಗವಿದೆ. ಅಲ್ಲಿಯೂ ಆರು ಹತ್ತು ಎಂದೇ ಬರೆದು ಕೈಗೆ ಕೊಟ್ಟೆ. ಅವರು ನನಗೆ ಕೈಮುಗಿದು ಬಸ್ ಸ್ಟ್ಯಾಂಡಿನ ಕಡೆ ಹೆಚ್ಚುಕಡಿಮೆ ಓಡಿದರು.

ಮೂರನೆಯ ದಿನ ಆ ಗುಮಾಸ್ತ ಬೇರೆ ಯಾರದೋ ಕಾಗದ ತಂದವನು, ಮೂರೂವರೆಗೇ ತಂದಿದ್ದ, ಹೋಗುವಾಗ ತಿರುಗಿ ನಿಂತು ಹೇಳಿದ. “ಆ ಕುಬಟೂರು ಕಡೆಯವ್ರ ಹೆಂಡ್ತಿ ಇವ್ರನ್ನ ಬಿಟ್ಟ ದಿನಾನೇ ಬೆಳಗಿನ ಜಾವ ಹೋದ್ರಂತೆ ಸಾರ್. ಇವ್ರು ಮನೆ ಮುಟ್ಟಿದಾಗ ಕೂರಿಸಿ ಹೂವು ಹಾಕಿದ್ರಂತೆ.” ಅಂದು ಸಂಜೆ ನಾಲ್ಕಕ್ಕೆ ಎಂದಿನಂತೆ ಲಾಕಪ್ ಬರೆದೆ. ಬೇರೆ ಹೇಗೆ ಮಾಡಬೇಕೆಂಬುದೇ ನನಗೆ ಮರೆತುಹೋಗಿತ್ತು.

ನಾಲ್ಕು ತಿಂಗಳ ನಂತರ ಮುಚ್ಚುವ ಆದೇಶ ಬಂತು. ಉಳಿದ ಏಳು ಕೈದಿಗಳನ್ನು ಜಿಲ್ಲಾ ಜೈಲಿನ ವ್ಯಾನು ಬಂದು ಕರೆದೊಯ್ದಿತು. ಖಾಲಿ ಜೈಲಿಗೂ ಅಧಿಕೃತವಾಗಿ ಮುಚ್ಚುವ ದಿನದವರೆಗೆ ಲಾಕಪ್ ಬರೆಯಲೇಬೇಕು. ‘ಬಂದಿಗಳು ಇಲ್ಲ, ಎಲ್ಲ ಸರಿಯಿದೆ’ ಎಂದು ಆರು ದಿನ ಬರೆದೆ. ಹಗಲೆಲ್ಲ ನಾನೂ ಕಿರಿಯ ವಾರ್ಡರೂ ಪುಸ್ತಕಗಳನ್ನು ವರ್ಷವಾರು ಜೋಡಿಸಿ, ಪಟ್ಟಿ ಮಾಡಿ, ಗೋಣಿಚೀಲಕ್ಕೆ ತುಂಬಿ ಬಾಯಿ ಹೊಲಿಯುತ್ತಿದ್ದೆವು. ಪ್ರತಿ ಪುಸ್ತಕದ ಪುಟ ಎಣಿಸಿ ದೃಢೀಕರಿಸಬೇಕಿತ್ತು. ಹಾಗೆ ಎಣಿಸುವಾಗ ಆದೇಶದ ವೇಳೆ ಬರೆಯುವ ಪುಸ್ತಕದಲ್ಲಿ ಆ ಬುಧವಾರದ ಪುಟ ಬಂತು.

ಎಷ್ಟು ಚೆನ್ನಾಗಿ ಬರೆದಿದ್ದೆ! ಆರು ಹತ್ತು ಎಂಬುದರ ಮೇಲೆ ಒಂದು ಚುಕ್ಕೆ ಶಾಯಿ ಕೂಡ ಕದಡಿರಲಿಲ್ಲ. ಪುಟ ತಿರುವಲು ನನ್ನಿಂದ ಆಗಲಿಲ್ಲ. ಕೆಂಪು ಪೆನ್ನು ತೆಗೆದು ಆರು ಹತ್ತಕ್ಕೆ ಅಡ್ಡಗೆರೆ ಎಳೆದೆ. ಷರಾ ಎಂಬ ಕಡೆ, ‘ಆದೇಶ ತಲುಪಿದ ನಿಜವಾದ ವೇಳೆ ನಾಲ್ಕು ಇಪ್ಪತ್ತೈದು. ಆಗ ಲಾಕಪ್ ಆಗಿರಲಿಲ್ಲ. ಬಿಡುಗಡೆ ಮಾಡದಿರುವುದು ನನ್ನ ತಪ್ಪು’ ಎಂದು ಬರೆದು ಸಹಿ, ತಾರೀಖು ಹಾಕಿದೆ.

ವಾರ್ಡರ್ ಬಗ್ಗಿ ನೋಡಿ ಗಾಬರಿಯಾದ. “ಯಾರ್ ಸಾರ್ ಇದನ್ನ ಓದೋರು? ಸುಮ್ನೆ ಮೈಮೇಲೆ ಎಳ್ಕೊಳ್ತೀರಲ್ಲ” ಎಂದ.

ಅವನು ಹೇಳಿದ್ದೇ ನಿಜವಾಯಿತು. ಚೀಲಗಳು ಲಾರಿ ಹತ್ತಿ ಹೋದವು. ಯಾರೂ ಕೇಳಲಿಲ್ಲ, ಒಂದು ನೋಟೀಸೂ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತೆಂದು ನನಗೆ ಅನ್ನಿಸತೊಡಗಿತು. ಚೀಲದೊಳಗೆ ಹೊಲಿದಿಟ್ಟ ಸತ್ಯ ಯಾರಿಗೂ ಉಪಯೋಗವಿಲ್ಲ. ಅದನ್ನು ಹೇಳಬೇಕಾದ ಮನೆ ಒಂದೇ. ಬೀಗದ ಕೈಗಳನ್ನು ಒಪ್ಪಿಸಿದ ಮರುದಿನ ಕುಬಟೂರಿನ ಕಡೆ ಹೋಗುವ ಆನವಟ್ಟಿ ಬಸ್ಸು ಹತ್ತಿದೆ.

ಅವರು ಮನೆಯ ಮುಂದೆ ಮೆಕ್ಕೆಜೋಳದ ತೆನೆ ಸುಲಿಯುತ್ತಿದ್ದರು. ನನ್ನನ್ನು ನೋಡಿ ಎದ್ದು ನಿಂತರು, ಒಳಗಿಂದ ತಾವೇ ನೀರು ತಂದುಕೊಟ್ಟರು. “ಚಾ ಕಾಸೋಕೆ ಮನೇಲಿ ಯಾರೂ ಇಲ್ಲ ಸಾರ್” ಎಂದರು.

“ಮಗಳು?”

“ಆಕಿ ಹೆಸರು ಎತ್ತಬೇಡ್ರಿ. ಎರಡಕ್ಕೆ ಆರ್ಡರ್ ಕೈಗೆ ಬಂದೈತೆ. ಜೈಲಿಗೆ ಮುಟ್ಟಿದ್ದು ಆರು ಹತ್ತಕ್ಕೆ. ನಡುವೆ ಗುಡವಿಗೆ ಹೋಗಿ ಗಂಡನಿಗೆ ಅಡಿಗೆ ಮಾಡಿಟ್ಟು ಬಂದಿದಾಳೆ ಅಂದ್ರು ಜನ. ನಾಲ್ಕೂವರೆಗೇ ಹೋಗಿದ್ದೆ ಅಂತ ನನ್ನ ಮುಂದೆ ಸುಳ್ಳು ಹೇಳ್ತಾಳ್ರೀ! ಚೀಟಿ ತೋರಿಸ್ದೆ. ಅವರವ್ವನ ಶಿವಗಣಾರಾಧನೆಗೂ ಬರಬೇಡ ಅಂದೆ. ಬರ್ಲಿಲ್ಲ.”

ನಾನು ಒಬ್ಬರ ದುಃಖಕ್ಕೆ ಕಾರಣನೆಂದುಕೊಂಡು ಬಂದಿದ್ದೆ. ಇನ್ನೊಬ್ಬಳನ್ನೂ ಹೊರಗೆ ಹಾಕಿದ್ದೇನೆಂದು ಆಗಲೇ ತಿಳಿದದ್ದು. ಕೂತಲ್ಲಿಂದ ಎದ್ದು ನಿಂತುಕೊಂಡೇ ಎಲ್ಲ ಹೇಳಿದೆ. ನಾಲ್ಕಕ್ಕೆ ಬರೆಯುವ ರೂಢಿ, ಗಡಿಯಾರದ ವೇಳೆ, ಅವಳು ಅಂಗಳ ನೋಡಿ ಕೇಳಿದ್ದು, ಫೋನು ಕೆಳಗಿಟ್ಟದ್ದು, ಆರು ಹತ್ತು ಎಂದು ಬರೆದದ್ದು. ಅವರು ಕೈಯಲ್ಲಿದ್ದ ತೆನೆಯನ್ನು ಸುಲಿಯುವುದು ನಿಲ್ಲಿಸಲಿಲ್ಲ. ಕಾಳೆಲ್ಲ ಉದುರಿ ಬರೀ ಬೆಂಡು ಉಳಿದ ಮೇಲೂ ಬೆರಳು ಆಡುತ್ತಲೇ ಇತ್ತು.

“ಆಗ ಬಿಡಬಹುದಾಗಿತ್ತಾ?” ಎಂದು ಕೇಳಿದರು.

“ಬಿಡಬಹುದಾಗಿತ್ತು.”

“ಎಷ್ಟೊತ್ತು ಹಿಡೀತಿತ್ತು?”

“ಇಪ್ಪತ್ತು ನಿಮಿಷ.”

ಹೊಡೆಯುತ್ತಾರೇನೋ ಎಂದುಕೊಂಡೆ. ಹೊಡೆದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವರು ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದು ಬಾಗಿಲು ಎಳೆದುಕೊಂಡರು. “ನಡೀರಿ, ಗುಡವಿಗೆ ಹೋಗಾಣ. ಈಗ ಹೇಳಿದ್ದನ್ನ ಅಲ್ಲಿ ಹೇಳ್ರಿ” ಎಂದರು.

ಸೊರಬದವರೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಒಂದೇ ಸೀಟಿನಲ್ಲಿ ಕೂತಿದ್ದೆವು. ಗುಡವಿ ಕೆರೆಗೆ ಹಕ್ಕಿ ನೋಡಲು ಹೊರಟ ಕಾಲೇಜು ಮಕ್ಕಳು ಹಿಂದಿನ ಸೀಟುಗಳಲ್ಲಿ ಗಲಾಟೆ ಮಾಡುತ್ತಿದ್ದರು. ಇಳಿಯುವಾಗ ರೈತರು ಕಂಡಕ್ಟರನ್ನು, “ಹೊತ್ತೆಷ್ಟು?” ಎಂದು ಕೇಳಿದರು. ಮೂರು ಗಂಟೆಯಾಗಿತ್ತು.

ಮಗಳು ಹಿತ್ತಲಿನಿಂದ ಸೌದೆ ಹೊತ್ತು ಬರುತ್ತಿದ್ದಳು. ಅಪ್ಪನನ್ನು ನೋಡಿ ಸೌದೆಯನ್ನು ಅಲ್ಲೇ ಇಳಿಸಿದಳು. ನನ್ನ ಗುರುತು ಸಿಕ್ಕಿತು, ಆದರೆ ನಮಸ್ಕಾರ ಮಾಡಲಿಲ್ಲ. ಅವಳ ಗಂಡ, ಅತ್ತೆ ಬಾಗಿಲಿಗೆ ಬಂದು ನಿಂತರು. ಎಲ್ಲರ ಮುಂದೆ ನಾನು ಮತ್ತೆ ಮೊದಲಿನಿಂದ ಹೇಳಿದೆ. “ನೀವು ಬಂದದ್ದು ನಾಲ್ಕು ಇಪ್ಪತ್ತೈದಕ್ಕೆ ತಾಯಿ. ಆರು ಹತ್ತು ಅಂತ ಸುಳ್ಳು ಬರೆದದ್ದು ನಾನು” ಎಂದು ಕೈಮುಗಿದೆ.

ಅವಳು ನನ್ನ ಕಡೆ ನೋಡಲೇ ಇಲ್ಲ. ಅಪ್ಪನನ್ನೇ ನೋಡುತ್ತಿದ್ದಳು.

“ಅವ್ವನ್ನ ಮಣ್ಣು ಮಾಡಿ ಬಂದ ದಿನಾನೇ ನಾನೂ ಇದನ್ನೇ ಹೇಳಿದ್ನಲ್ಲಪ್ಪ. ನಾನು ಹೇಳಿದಾಗ ಯಾಕೆ ನಂಬ್ಲಿಲ್ಲ?”

ಅವರು ಜೇಬಿನಿಂದ ಮಡಚಿಟ್ಟ ಚೀಟಿಯೊಂದನ್ನು ತೆಗೆದರು. ನನ್ನ ಅಕ್ಷರ ದೂರದಿಂದಲೇ ಕಂಡಿತು. ಅದನ್ನು ಮಗಳ ಕಡೆ ಚಾಚಿದರು.

“ಬರೆದಿತ್ತಲ್ಲವ್ವ” ಎಂದರು.